ಕೋಟಿನ ಕಪ್ಪು ಗುಂಡಿ

ನಮ್ಮ ಕಟ್ಟಡದ ಬಾಗಿಲ ಮುಂದೆ ಮೊದಲು ಮೂರು ಕುರ್ಚಿಗಳಿದ್ದವು. ಒಂದು ನನ್ನದು, ಒಂದು ಹೋಲ್ಡಾನ್‌ನದು, ಇನ್ನೊಂದು ಹಲೋ ಅಕ್ಕನದು. ಈಗ ಸಂಜೆ ಅಲ್ಲಿ ನಾನೊಬ್ಬನೇ ಕೂರುತ್ತೇನೆ. ಯಾರಾದರೂ ಕೇಳಿದರೆ, ಊರು ಬದಲಾಯಿತು, ಹಳಬರೆಲ್ಲ ಚದುರಿಹೋದರು ಎನ್ನುತ್ತೇನೆ. ಅದು ಅರ್ಧ ನಿಜ. ಮಿಕ್ಕ ಅರ್ಧವನ್ನು ಇಲ್ಲಿ ಹೇಳಿಬಿಡುತ್ತೇನೆ. ಕೇಳಿದ ಮೇಲೆ ಬೈಯಬೇಕೆನಿಸಿದರೆ ಬೈಯಿರಿ. ನಾನೇ ದಿನಾ ಬೈದುಕೊಳ್ಳುತ್ತೇನೆ, ಜೊತೆಗೊಬ್ಬರಾದಂತಾಗುತ್ತದೆ.

ನಾನು ದರ್ಜಿ. ನಲವತ್ತೆರಡು ವರ್ಷ ಕೋಟು ಹೊಲಿದವನು. ಮೈ ಸಣ್ಣ, ನಾಲಿಗೆ ಚೂಪು, ಹಾಗಾಗಿ ಎಲ್ಲರಿಗೂ ನಾನು ಸೂಜಿ. ಹೋಲ್ಡಾನ್ ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸು ನಿಲ್ಲಿಸಲು ಮೂವತ್ತು ವರ್ಷ 'ಹೋಲ್ಡಾನ್' ಎಂದು ಕೂಗಿ ಕೂಗಿ, ನಿವೃತ್ತಿಯಾದ ಮೇಲೆ ಊರಿನಲ್ಲಿ ಏನು ಹೊಸದು ಕಂಡರೂ ಅದನ್ನೇ ಕೂಗುತ್ತಿದ್ದ. ಹಲೋ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೇಶದ ಕರೆಗಳನ್ನು ಜೋಡಿಸುತ್ತಿದ್ದವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು; ನನ್ನ ಮೂಗು ಒರೆಸಿ, ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದವಳು. ಒಡಹುಟ್ಟಿದವಳಲ್ಲ, ಆದರೆ ಒಡಹುಟ್ಟಿದವರಿಂದ ನನಗೆ ಅಷ್ಟು ಸಿಕ್ಕಿಲ್ಲ. ಗಂಡ ತೀರಿಕೊಂಡು ಹದಿನಾರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡನೇ ಮಹಡಿಯ ಆ ಮನೆಯಲ್ಲೇ ಅವಳು ಹುಟ್ಟಿದ್ದು. ಮದುವೆಯಾದಾಗಲೂ ಅವಳು ಹೋಗಲಿಲ್ಲ, ಗಂಡನೇ ಪೆಟ್ಟಿಗೆ ಹೊತ್ತುಕೊಂಡು ಬಂದ.

ಮೂರು ಕುರ್ಚಿಗಳ ಮುಖ್ಯ ಕಸುಬು ಬೀದಿ ನೋಡಿ ನಿಟ್ಟುಸಿರು ಬಿಡುವುದಾಗಿತ್ತು. ಎದುರಿನ ಗಡಿಯಾರದಂಗಡಿ ಮೊಬೈಲ್ ರಿಪೇರಿಯಾಗಿತ್ತು. ಹಾಲಿನಂಗಡಿಯ ಬೋರ್ಡಿನ ಮೇಲೆ ನಮಗೆ ಓದಲು ಬಾರದ ಅಕ್ಷರಗಳು ಬಂದಿದ್ದವು. ಮೂಲೆಯ ಕಟ್ಟಡದಲ್ಲಿ ಒಂದೊಂದು ಕೋಣೆಗೆ ಎಂಟೆಂಟು ಜನ; ಪಾಳಿಯಲ್ಲಿ ದುಡಿದು ಪಾಳಿಯಲ್ಲೇ ಮಲಗುವವರು. ಯಾವ ಯಾವ ದೇಶದಿಂದ ಬಂದಿದ್ದರೋ, ಅವರ ಬಟ್ಟೆ ಕಿಟಕಿಯಲ್ಲಿ ಒಣಗುತ್ತಿತ್ತು, ಅವರ ಮಕ್ಕಳು ನಮ್ಮ ಮೆಟ್ಟಿಲ ಮೇಲೆ ಆಡುತ್ತಿದ್ದವು. ಹೋಲ್ಡಾನ್ ಒಮ್ಮೆ ತನ್ನ ಹಳೇ ಬಸ್ಸಿನಲ್ಲಿ ಕೊನೆಯ ನಿಲ್ದಾಣದ ತನಕ ಹೋಗಿಬಂದ. ದಾರಿಯುದ್ದಕ್ಕೂ ಒಬ್ಬರ ಮಾತೂ ಅರ್ಥವಾಗಲಿಲ್ಲವಂತೆ. ನಮ್ಮೂರಿನಲ್ಲಿ ನಾವೇ ಟಿಕೆಟ್ ಇಲ್ಲದೆ ಕೂತ ಹಾಗಾಯಿತು ಎಂದು ಎರಡು ದಿನ ಗೊಣಗಿದ.

ನಾನು ಅದಕ್ಕೆ ಒಗ್ಗರಣೆ ಹಾಕುತ್ತಿದ್ದೆ. ನನ್ನ ಅಂಗಡಿ ಮುಚ್ಚಿಸಿದ್ದು ರೆಡಿಮೇಡ್ ಬಟ್ಟೆ, ಬಂದವರಲ್ಲ. ಆದರೆ ಗಾಜಿನ ಹಿಂದೆ ನೇತಾಡುವ ಬಟ್ಟೆಯನ್ನು ಬೈದರೆ ಏನು ಸುಖ? ಅದಕ್ಕೆ ಕಿವಿಯಿಲ್ಲ. ಬಂದವರಿಗೆ ಕಿವಿಯಿತ್ತು, ನಮ್ಮ ಭಾಷೆ ಬರುತ್ತಿರಲಿಲ್ಲ, ಹಾಗಾಗಿ ಆರಾಮವಾಗಿ ಬೈಯಬಹುದಿತ್ತು. ಹಲೋ ಅಕ್ಕ ಮಾತ್ರ ನಮ್ಮ ರಾಗಕ್ಕೆ ತಾಳ ಹಾಕುತ್ತಿರಲಿಲ್ಲ. ಅವಳಿಗೂ ಬೇಸರವಿತ್ತು. ಅವಳ ಎಕ್ಸ್‌ಚೇಂಜಿನ ಕಟ್ಟಡದಲ್ಲಿ ಈಗ ಜನ ದುಡ್ಡು ಕೊಟ್ಟು ಯಂತ್ರದ ಮೇಲೆ ನಿಂತಲ್ಲೇ ಓಡುತ್ತಿದ್ದರು. ಅದನ್ನು ನೋಡಿ ಬಂದ ದಿನ ಊಟ ಸೇರಲಿಲ್ಲ ಎಂದಿದ್ದಳು. ಆದರೂ ಬಂದವರ ಮೇಲೆ ಸಿಟ್ಟಿರಲಿಲ್ಲ.

"ಆಗ ಬರೀ ದನಿ ಬರ್ತಿತ್ತು, ನಾನು ಜೋಡಿಸಿ ಕೊಡ್ತಿದ್ದೆ," ಎನ್ನುತ್ತಿದ್ದಳು. "ಈಗ ಆಳೇ ಬಂದಿದ್ದಾರೆ. ಜೋಡಿಸೋಕೆ ಯಾರೂ ಇಲ್ಲ, ಅಷ್ಟೇ."

ಬೀದಿಯಲ್ಲಿ ಹೊಸಬರು ಕಾಲಿಡದೆ ಉಳಿದಿದ್ದದ್ದು ನಮ್ಮ ಕಟ್ಟಡ ಒಂದೇ. ಅದಕ್ಕೆ ಕಾರಣ ನಮ್ಮ ಗುಂಡಿಗಳು. ಈ ಕಟ್ಟಡ ಹನ್ನೆರಡು ಮನೆಯವರಿಗೂ ಸೇರಿದ್ದು, ನಮ್ಮ ಅಪ್ಪಂದಿರು ಕೂಡಿ ಕಟ್ಟಿಸಿದ್ದು. ಹೊಸಬರು ಯಾರೇ ವಾಸಕ್ಕೆ ಬರುವುದಿದ್ದರೂ ಎಲ್ಲ ಮನೆಯವರನ್ನೂ ಕೇಳಬೇಕು. ಕೇಳುವ ರೀತಿಯನ್ನೂ ಅವರೇ ಮಾಡಿಟ್ಟಿದ್ದರು. ಮನೆಗೆ ಒಂದು ಬಿಳಿ ಗುಂಡಿ, ಒಂದು ಕಪ್ಪು ಗುಂಡಿ. ಎರಡೂ ಕೋಟಿನವೇ, ಅಳತೆ ಒಂದೇ, ಬೀಳುವ ಸದ್ದಿನಲ್ಲಿ ಗುರುತು ಸಿಗಬಾರದಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಎರಡು ತಗಡಿನ ಡಬ್ಬಿ. ಒಬ್ಬೊಬ್ಬರೇ ಒಳಗೆ ಹೋಗಿ ತಮ್ಮ ಉತ್ತರವನ್ನು ಹಸಿರು ಡಬ್ಬಿಗೆ, ಮಿಕ್ಕ ಗುಂಡಿಯನ್ನು ಇನ್ನೊಂದಕ್ಕೆ ಹಾಕಿ ಬರಬೇಕು. ಬಿಳಿ ಅಂದರೆ ಬರಲಿ, ಕಪ್ಪು ಅಂದರೆ ಬೇಡ. ಒಂದೇ ಒಂದು ಕಪ್ಪು ಬಿದ್ದರೂ ಮಾತು ಮುಗಿಯಿತು. ಎದುರಿಗೆ ನಿಂತು ಮುಖ ಮುರಿದಂತೆ ಬೇಡ ಎನ್ನುವ ಕಷ್ಟ ಯಾರಿಗೂ ಬರಬಾರದೆಂಬುದು ಹಿರಿಯರ ಜಾಣತನ. ಜೊತೆಗೆ ಇನ್ನೊಂದು ಕಟ್ಟಳೆಯಿತ್ತು. ಕಪ್ಪು ಹಾಕಿದವರಿಗೆ ಮನಸ್ಸು ಬದಲಾದರೆ, ಮೂರು ದಿನದೊಳಗೆ ಕೇಳಿಕೊಂಡವರ ಮನೆಗೆ ಹೋಗಿ ಹಾಕಿದ್ದು ನಾನು ಎಂದು ಒಪ್ಪಿಕೊಂಡರೆ ಡಬ್ಬಿ ಮತ್ತೆ ಇಡಬಹುದು. ಹಾಗೆ ಒಪ್ಪಿಕೊಂಡವರು ನನ್ನ ನೆನಪಿನಲ್ಲಿ ಒಬ್ಬರೂ ಇಲ್ಲ. ಕಟ್ಟಡದ ದರ್ಜಿ ನಾನಾದ್ದರಿಂದ ಗುಂಡಿ ಒದಗಿಸುವ ಕೆಲಸ ನನ್ನದಾಗಿತ್ತು.

ಹೋದ ವರ್ಷ ಚಳಿ ಶುರುವಾದಾಗ ಹಲೋ ಅಕ್ಕ ಬಚ್ಚಲಲ್ಲಿ ಜಾರಿಬಿದ್ದಳು. ಬೆಳಿಗ್ಗೆ ಬಿದ್ದವಳನ್ನು ನಾವು ಕಂಡದ್ದು ಸಂಜೆ, ಕುರ್ಚಿ ಖಾಲಿಯಿದ್ದದ್ದು ನೋಡಿ. ಮೊಣಕಾಲಿನ ಚಿಪ್ಪು ಒಡೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ತಂಗಿಯ ಮಗಳು ಎಂಟು ಗಂಟೆ ಪ್ರಯಾಣ ಮಾಡಿ ಬಂದಳು. ಒಂಟಿಯಾಗಿ ಬಿಡುವ ಮಾತೇ ಇಲ್ಲ, ಮನೆಯಲ್ಲಿ ಯಾರಾದರೂ ಜೊತೆಗಿರಬೇಕು, ಇಲ್ಲವಾದರೆ ದೊಡ್ಡಮ್ಮ ತನ್ನ ಜೊತೆ ಬಂದುಬಿಡಬೇಕು ಎಂದು ಕಡ್ಡಿ ಮುರಿದಂತೆ ಹೇಳಿದಳು. ಆ ಹುಡುಗಿಯದು ತಪ್ಪಲ್ಲ. ಇಡೀ ದಿನ ತಣ್ಣನೆಯ ನೆಲದ ಮೇಲೆ ಬಿದ್ದಿದ್ದ ದೊಡ್ಡಮ್ಮನನ್ನು ಯಾರು ತಾನೇ ಹಾಗೇ ಬಿಟ್ಟುಹೋಗುತ್ತಾರೆ?

ದಾರಿ ಹುಡುಕಿದವಳು ಅಕ್ಕನೇ. ಆಸ್ಪತ್ರೆಯಲ್ಲಿ ಅವಳನ್ನು ಎಬ್ಬಿಸಿ ಕೂರಿಸಿ ನೋಡಿಕೊಂಡ ಹೆಂಗಸು ಮೂಲೆಯ ಕಟ್ಟಡದಲ್ಲೇ ಇದ್ದವಳು. ಎಂಟು ಜನರ ಕೋಣೆಯಲ್ಲಿ ಗಂಡನೂ ಅವಳೂ ಒಂದು ಪರದೆಯ ಹಿಂದೆ ದಿನ ದೂಡುತ್ತಿದ್ದರು. ಅವರಿಗೆ ತನ್ನ ಮನೆಯ ಮುಂದಿನ ಕೋಣೆ ಬಾಡಿಗೆಗೆ ಕೊಟ್ಟರೆ ಅಕ್ಕನಿಗೆ ಜೊತೆಯಾಗುತ್ತದೆ, ಮೊಣಕಾಲಿಗೆ ಆರೈಕೆಯೂ ಆಗುತ್ತದೆ. ತಂಗಿಯ ಮಗಳು ಆ ಹೆಂಗಸನ್ನು ನೋಡಿ ಒಪ್ಪಿದಳು. ಉಳಿದದ್ದು ನಮ್ಮ ಗುಂಡಿ.

ಆ ಹೆಂಗಸಿನ ಗಂಡ ದರ್ಜಿಯಾಗಿದ್ದ.

ಗುಂಡಿ ಹಾಕುವ ವಾರ ಅಕ್ಕ ನನ್ನನ್ನು ಮೇಲಕ್ಕೆ ಕರೆದಳು. ಅವಳು ನಿವೃತ್ತಿಯಾದ ವರ್ಷ ನಾನು ಹೊಲಿದುಕೊಟ್ಟ ಕಂದು ಬಣ್ಣದ ಉಣ್ಣೆಯ ಕೋಟು ಮೇಜಿನ ಮೇಲಿತ್ತು. ಬಿದ್ದ ದಿನ ಅವಳನ್ನು ಕೆಳಗಿಳಿಸುವಾಗ ಮೆಟ್ಟಿಲ ಕಂಬಿಯ ಮೊಳೆಗೆ ಸಿಕ್ಕಿ ಅದರ ತೋಳು ಹರಿದದ್ದು ನನಗೆ ಗೊತ್ತಿತ್ತು. ಎಲ್ಲಿ ಹರಿದಿತ್ತು ಹೇಳು ನೋಡೋಣ ಎಂದಳು. ನಾನು ಕನ್ನಡಕ ಹಾಕಿದೆ, ಕಿಟಕಿಯ ಬೆಳಕಿಗೆ ಹಿಡಿದೆ, ಉಗುರಿನಿಂದ ಗೀರಿ ನೋಡಿದೆ, ತೋಳನ್ನು ಒಳಮಗ್ಗಲು ತಿರುಗಿಸಿದೆ. ಸಿಗಲಿಲ್ಲ. ಆ ಬಟ್ಟೆಯ ಒಳಅಂಚಿನಿಂದಲೇ ನೂಲು ಬಿಡಿಸಿ, ಒಂದೊಂದೇ ಎಳೆ ಹೆಣೆದು ಹರಕು ಮುಚ್ಚಿದ್ದ ಆ ಮನುಷ್ಯ. ನಲವತ್ತೆರಡು ವರ್ಷ ಬಟ್ಟೆಯ ಮೇಲೆ ಬೆರಳಾಡಿಸಿದವನಿಗೆ ಅವನ ಸೂಜಿ ಹೋದ ದಾರಿ ಕಾಣಲಿಲ್ಲ.

ಅಕ್ಕ ಮಗುವಿನ ಹಾಗೆ ನಕ್ಕಳು. "ನಿಂಗ್ಯಾಕೆ ತೊಂದ್ರೆ ಕೊಡೋದು ಅಂತ ಅವನ ಕೈಗೆ ಕೊಟ್ಟೆ," ಎಂದಳು. "ನಿನ್ನ ಕಣ್ಣೂ ಈಗ ಮೊದಲಿನ ಹಾಗಿಲ್ವಲ್ಲ."

ಅಕ್ಕರೆಯಿಂದಲೇ ಹೇಳಿದ್ದು. ಆದರೆ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಮ್ಮ ಕಟ್ಟಡದಲ್ಲಿ ಒಂದು ಗುಂಡಿ ಕಿತ್ತರೂ ನನ್ನ ಬಾಗಿಲಿಗೆ ಬರುತ್ತಿತ್ತು, ಅದೂ ಈಗ ಹೋಯಿತು ಅನ್ನಿಸಿತು. ಇಳಿಯುವಾಗ ಮೆಟ್ಟಿಲ ಮೇಲೆ ಆ ಮನುಷ್ಯನೇ ಎದುರಾದ. ನಾನು ಯಾರೆಂದು ಅಕ್ಕ ಹೇಳಿದ್ದಿರಬೇಕು. ಗೋಡೆಗೆ ಒತ್ತಿ ನನಗೆ ದಾರಿ ಬಿಟ್ಟು, ನಮ್ಮ ಭಾಷೆಯಲ್ಲಿ ಕಷ್ಟಪಟ್ಟು, ಕೋಟು ಒಳ್ಳೆಯದು, ಬಹಳ ಒಳ್ಳೆಯದು ಎಂದ. ನಾನು ಕೇಳಿಸದವನ ಹಾಗೆ ಇಳಿದುಹೋದೆ. ಆ ವಾರವೆಲ್ಲ ನನ್ನ ಸಂಕಟಕ್ಕೆ ದೊಡ್ಡ ದೊಡ್ಡ ಹೆಸರು ಹುಡುಕಿದೆ. ನೆರೆಹೊರೆಯ ನೆಮ್ಮದಿ ಎಂದೆ, ಊರಿನ ಹಳೇ ಗುಣ ಎಂದೆ, ಮುಂದಿನವರ ಗತಿ ಏನು ಎಂದೆ. ಅದರ ನಿಜವಾದ ಹೆಸರು ಹೊಟ್ಟೆಕಿಚ್ಚು.

ಹನ್ನೆರಡು ಮನೆಗಳಲ್ಲಿ ಎರಡಕ್ಕೆ ಬೀಗ ಬಿದ್ದಿತ್ತು. ಕೇಳಿಕೊಂಡವರು, ಅಂದರೆ ಅಕ್ಕ, ಗುಂಡಿ ಹಾಕುವಂತಿಲ್ಲ. ಉಳಿದದ್ದು ಒಂಬತ್ತು. ಹಾಕುವ ಮುನ್ನ ಬಾಗಿಲ ಮುಂದೆ ಎಲ್ಲರೂ ಸೇರಿದ್ದೆವು. ಅಕ್ಕ ಇನ್ನೂ ಇಳಿದಿರಲಿಲ್ಲ. ಹೋಲ್ಡಾನ್ ಗಂಟಲು ಹರಿದುಕೊಳ್ಳುತ್ತಿದ್ದ. ಇವತ್ತು ಇಬ್ಬರು, ನಾಳೆ ಇಪ್ಪತ್ತು, ನಾಡಿದ್ದು ನಾವೇ ಅವರನ್ನು ಕೇಳಿ ಒಳಗೆ ಬರಬೇಕಾಗುತ್ತದೆ ಎಂದ. ಮೊದಲ ಮಹಡಿಯ ಮೇಷ್ಟ್ರು ಹೂಂಗುಟ್ಟಿದರು. ಮಿಕ್ಕವರೂ ತಲೆ ಆಡಿಸಿದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಕಡಿಮೆಯೆಂದರೂ ಆರು ಕಪ್ಪು ಬೀಳುತ್ತವೆ. ಆರರ ಜೊತೆ ಇನ್ನೊಂದು ಬಿದ್ದರೆ ಏನಾಯಿತು? ನಾನು ಬಿಳಿ ಹಾಕಿದರೂ ಅಕ್ಕನಿಗೆ ಲಾಭವಿಲ್ಲ, ಕಪ್ಪು ಹಾಕಿದರೂ ನಷ್ಟವಿಲ್ಲ. ಹೀಗೆ ಸಮಾಧಾನ ಹೇಳಿಕೊಂಡು ಒಳಗೆ ಹೋಗಿ, ಹಸಿರು ಡಬ್ಬಿಗೆ ಕಪ್ಪನ್ನು ಹಾಕಿ ಬಂದೆ.

ಎಲ್ಲರೂ ಹಾಕಿ ಮುಗಿಸುವ ಹೊತ್ತಿಗೆ ಅಕ್ಕ ಇಳಿದು ಬಂದಳು. ಡಬ್ಬಿ ಸುರಿದವರು ಮೇಷ್ಟ್ರು. ಮೇಜಿನ ಮೇಲೆ ಎಂಟು ಬಿಳಿ ಬಿದ್ದವು, ಒಂದು ಕಪ್ಪು.

ಹತ್ತು ವರ್ಷ ಆ ಬಾಗಿಲ ಮುಂದೆ ಕೂತು ಬಂದವರನ್ನು ಬೈದವರು, ತಲೆ ಆಡಿಸಿದವರು, ನಿಟ್ಟುಸಿರು ಬಿಟ್ಟವರು ಎಲ್ಲರೂ ಒಳಗೆ ಹೋಗಿ ಹಲೋ ಅಕ್ಕನನ್ನು ನೆನೆಸಿಕೊಂಡು ಬಿಳಿ ಹಾಕಿ ಬಂದಿದ್ದರು. ಆಡಿದ ಮಾತನ್ನು ನಿಜವೆಂದು ನಂಬಿದ ಮೂರ್ಖ ನಾನೊಬ್ಬನೇ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಹೋಲ್ಡಾನ್‌ನ ಕಡೆ ತಿರುಗಿದವು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಕಚ್ಚಿದ್ದು ಅವನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿತ್ತು. ಅಕ್ಕ ಆಯಿತು ಎಂದಷ್ಟೇ ಹೇಳಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಮೂರು ದಿನವಿತ್ತು. ಮೊದಲ ದಿನ ಹೇಳಲೆಂದೇ ಹೋದೆ. ಅಕ್ಕ ಟೀ ಮಾಡಿಕೊಟ್ಟಳು. ತಂಗಿಯ ಮಗಳ ಊರಿನಲ್ಲಿ ಮನೆಯೆಲ್ಲ ಒಂದೇ ನೆಲದ ಮೇಲಿದೆಯಂತೆ, ಮೆಟ್ಟಿಲೇ ಇಲ್ಲವಂತೆ ಎಂದು ಹೇಳಿ, ಮೆಟ್ಟಿಲಿಲ್ಲದ ಮನೆಯಲ್ಲಿ ಜನ ಎಲ್ಲಿ ಕೂತು ಜಗಳ ಆಡುತ್ತಾರೋ ಎಂದು ನಗಲು ನೋಡಿದಳು. ಮಾತು ನಾಲಿಗೆಯ ತುದಿಗೆ ಬಂತು, ಟೀ ಜೊತೆ ಒಳಗೆ ಹೋಯಿತು. ಎರಡನೇ ದಿನ ಆ ಹೆಂಗಸು ಮೊಣಕಾಲಿಗೆ ಪಟ್ಟಿ ಕಟ್ಟಲು ಬಂದಿದ್ದಳು. ಕೋಣೆ ಸಿಗಲಿಲ್ಲವೆಂದು ತಿಳಿದಿದ್ದರೂ ಬಂದಿದ್ದಳು. ಅವಳು ನೆಲದ ಮೇಲೆ ಕೂತು ಅಕ್ಕನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತುವುದನ್ನು ನೋಡುತ್ತ ನಾನು ಅಂದೂ ಟೀ ಕುಡಿದು ಬಂದೆ.

ಮೂರನೇ ದಿನ ನಾನಿರುವಾಗಲೇ ಹೋಲ್ಡಾನ್ ಬಂದ. ಎರಡು ರಾತ್ರಿ ನಿದ್ದೆಯಿಲ್ಲದ ಮುಖ. ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಅಕ್ಕಾ, ನಾನು ಬಿಳಿ ಹಾಕಿದ್ದು," ಎಂದ. "ಬಾಯಿಗೆ ಬಂದದ್ದು ಮಾತಾಡ್ತೀನಿ, ಒಪ್ಕೋತೀನಿ. ಆದ್ರೆ ನಿನ್ನನ್ನೇ ಕಳ್ಕೊಳ್ಳೋ ಅಂಥ ಕೆಲಸ ಮಾಡ್ತೀನಾ? ಸೂಜಿ, ನೀನಾದ್ರೂ ಹೇಳು."

ಅಕ್ಕ ನನ್ನನ್ನು ನೋಡಿದಳು. ನಾನು ಲೋಟ ನೋಡಿದೆ. "ಯಾರು ಹಾಕಿದ್ರೋ ಯಾರಿಗೆ ಗೊತ್ತು," ಎಂದೆ. "ಡಬ್ಬಿ ಮಾತು ಡಬ್ಬಿಯಲ್ಲೇ ಇರ್ಲಿ ಬಿಡಿ."

ಅಷ್ಟೇ ಸಾಕಾಯಿತು. ಇನ್ನು ಮೇಲೆ ಈ ಬಾಗಿಲಿಗೆ ಬರಬೇಡ ಎಂದು ಅಕ್ಕ ಅವನಿಗೆ ಹೇಳಿದಳು. ಕೂಗಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಯಾರಿಗೂ ಅಂಥ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೋಲ್ಡಾನ್ ಇಳಿದುಹೋದ. ಅವನು ಹೋದ ಮೇಲೆ ಅಕ್ಕ ನನ್ನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಹೆದರಿಕೆ. ಅವಳ ಕಣ್ಣಲ್ಲಿ ಸಣ್ಣವನಾಗುವುದಕ್ಕಿಂತ ಅವಳನ್ನು ಊರು ಬಿಡಿಸುವುದೇ ನನಗೆ ಹಗುರವಾಗಿ ಕಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಒಲೆ ಅಟ್ಟ ಮೇಲೂ ಬೇಗ ಉರಿಯಲಿಲ್ಲ. ಮನೆ ಖಾಲಿ ಮಾಡಲು ಒಂದು ತಿಂಗಳು ಹಿಡಿಯಿತು. ಅವಳ ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿದವನು ನಾನು. ಪೆಟ್ಟಿಗೆಗಳಿಗೆ ಹಗ್ಗ ಬಿಗಿದವನು ನಾನು. ಇಂಥ ತಮ್ಮ ಎಲ್ಲಿ ಸಿಗುತ್ತಾನೆ ಎಂದು ಅವಳು ತಂಗಿಯ ಮಗಳಿಗೆ ಹೇಳುವುದನ್ನೂ ಕೇಳಿಸಿಕೊಂಡೆ. ಹೋಲ್ಡಾನ್ ಆ ತಿಂಗಳೆಲ್ಲ ಮೂರನೇ ಮಹಡಿಯ ತನ್ನ ಮನೆಯಿಂದ ಹೊರಗೇ ಬರಲಿಲ್ಲ. ಎದುರು ಸಿಕ್ಕವರು ಅವನಿಗೆ ಮುಖ ತಿರುಗಿಸುತ್ತಿದ್ದರು. ಹಾಲು ತರಲು ಸಹ ಅವನು ಯಾರೂ ಇಲ್ಲದ ಹೊತ್ತು ನೋಡಿ ಇಳಿಯುತ್ತಿದ್ದ.

ಹೊರಡುವ ದಿನ ಮಧ್ಯಾಹ್ನ ಗಾಡಿ ಬಾಗಿಲಿಗೆ ಬಂತು. ಆ ದರ್ಜಿಯೂ ಅವನ ಹೆಂಡತಿಯೂ ಬಂದು ಪೆಟ್ಟಿಗೆಗಳನ್ನು ಇಳಿಸಿದರು. ಆ ಹೆಂಗಸು ಅಕ್ಕನನ್ನು ತಬ್ಬಿಕೊಂಡು ಅತ್ತು, ಪಾಳಿಗೆ ಹೊತ್ತಾಯಿತೆಂದು ಗಂಡನ ಜೊತೆ ಓಡಿದಳು. ತಂಗಿಯ ಮಗಳು ಕೊನೆಯ ಚೀಲ ತರಲು ಮೇಲೆ ಹೋದಳು. ಬೀದಿಯ ಅಂಚಿನಲ್ಲಿ ನಾನೂ ಅಕ್ಕನೂ ಇಬ್ಬರೇ ನಿಂತಿದ್ದೆವು. ಅಕ್ಕ ತಲೆಯೆತ್ತಿ ಮೂರನೇ ಮಹಡಿಯ ಕಿಟಕಿ ನೋಡಿದಳು. ಪರದೆ ಎಳೆದಿತ್ತು. ಐವತ್ತು ವರ್ಷ ಒಟ್ಟಿಗೆ ಕೂತವನು, ಕೆಳಗಿಳಿದು ಹೋಗಿ ಬಾ ಅನ್ನಲಿಲ್ಲ ನೋಡು ಎಂದಳು.

"ಅಕ್ಕಾ, ಆ ಕಪ್ಪು ಗುಂಡಿ ನಂದು," ಎಂದೆ.

ಅವಳು ತಕ್ಷಣ ನನ್ನ ಕಡೆ ತಿರುಗಲಿಲ್ಲ. ಯಾಕೆ ಎಂದು ಕೇಳುತ್ತಾಳೆಂದು ಕಾದೆ. ಕೋಟಿನ ತೋಳಿನ ಮಾತು, ಹೊಟ್ಟೆಕಿಚ್ಚಿನ ಮಾತು, ಆರು ಕಪ್ಪು ಬೀಳುತ್ತವೆಂದು ಎಣಿಸಿದ ಮಾತು, ಎಲ್ಲವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ಕೇಳಲಿಲ್ಲ.

"ಆ ಮೂರು ದಿನ ನಾನು ಬಾಗಿಲಿಗೆ ಚಿಲಕ ಹಾಕಿರ್ಲಿಲ್ಲ ಕಣೋ," ಎಂದಳು. "ಹಾಕಿದವರು ಬಂದೇ ಬರ್ತಾರೆ ಅಂದ್ಕೊಂಡಿದ್ದೆ. ಬಂದ್ರೆ ಯಾಕೆ ಅಂತ ಕೇಳಬಾರ್ದು, ಕೂರಿಸಿ ಒಂದು ಲೋಟ ಟೀ ಕೊಡಬೇಕು ಅಂತಿದ್ದೆ. ನೀನು ಮೂರು ದಿನವೂ ಬಂದೆ. ಟೀನೂ ಕುಡಿದೆ."

ತಂಗಿಯ ಮಗಳು ಚೀಲ ಹಿಡಿದು ಇಳಿದು ಬಂದು ಗಾಡಿಯ ಬಾಗಿಲು ತೆರೆದಳು. ಅಕ್ಕ ಇನ್ನೊಮ್ಮೆ ಆ ಕಿಟಕಿ ನೋಡಿದಳು. "ಅವನಿಗೆ ಹೇಳಬಾರದ ಮಾತು ಹೇಳಿಬಿಟ್ಟೆ," ಎಂದಳು. "ವಾಪಸ್ ತಗೊಳ್ಳೋಣ ಅಂದ್ರೆ ಅಷ್ಟು ಮೆಟ್ಟಿಲು ನನ್ನ ಕೈಲಿ ಆಗಲ್ಲ. ನೀನು ಹತ್ತು."

ಗಾಡಿ ಹತ್ತಲು ನಾನು ಕೈ ನೀಡಿದೆ. ಅವಳು ಬಾಗಿಲಿನ ಅಂಚು ಹಿಡಿದು, ನೋವಿಗೆ ಹಲ್ಲು ಕಚ್ಚಿಕೊಂಡು, ತಾನೇ ಹತ್ತಿದಳು.

ನಾನು ಮೂರು ಮಹಡಿ ಹತ್ತಿದೆ. ಹೋಲ್ಡಾನ್ ಬಾಗಿಲು ತೆರೆದ. ಹೊಸಿಲಲ್ಲೇ ನಿಂತು ಎಲ್ಲ ಹೇಳಿದೆ, ಅಕ್ಕ ಹೇಳಿ ಕಳಿಸಿದ್ದನ್ನೂ ಹೇಳಿದೆ. ಅವನು ಕೂಗುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅಕ್ಕ ಹೋಗಿಬಿಟ್ಟಳಾ ಎಂದು ಮಾತ್ರ ಕೇಳಿದ. ಈಗಷ್ಟೇ ಎಂದೆ. ಅವನು ನನ್ನನ್ನು ಪಕ್ಕಕ್ಕೆ ತಳ್ಳಿ, ಕಾಲಿಗೆ ಏನೂ ಹಾಕದೆ ಮೆಟ್ಟಿಲಿಳಿದು ಓಡಿದ.

ನಾನು ಅವನ ಮನೆಯ ಒಳಗೆ ಹೋಗಿ ಪರದೆ ಸರಿಸಿದೆ. ಬಾಗಿಲ ಮುಂದೆ ಗಾಡಿ ಇರಲಿಲ್ಲ. ಎಪ್ಪತ್ತೊಂದು ವರ್ಷದ ಮುದುಕ ಬರಿಗಾಲಲ್ಲಿ ಬೀದಿಯ ತಿರುವಿನ ತನಕ ಓಡಿ, ಎತ್ತ ಹೋಗಬೇಕೆಂದು ತಿಳಿಯದೆ ಎರಡೂ ಕಡೆ ನೋಡಿದ. ಮೂಲೆಯ ಕಟ್ಟಡದ ಮುಂದೆ ಆ ಜನ ನಾಲ್ಕೈದು ಮಂದಿ ನಿಂತಿದ್ದರು. ಅವರನ್ನು ಏನೋ ಕೇಳಿದ, ಕೈಯಾಡಿಸಿ ಮತ್ತೆ ಕೇಳಿದ. ಅವರಿಗೆ ಅರ್ಥವಾಗಿರಬೇಕು, ಎಲ್ಲರೂ ಬಲಗಡೆಗೆ ಕೈ ತೋರಿಸಿದರು. ಅವನು ಆ ಕಡೆ ಓಡಿದ, ಅವರಲ್ಲೊಬ್ಬ ಅವನ ಜೊತೆ ಓಡಿದ. ನಾನು ಕಿಟಕಿಯಲ್ಲೇ ನಿಂತಿದ್ದೆ.